ವಿಕ್ರೋಳಿಯಲ್ಲಿ ಇಳಿಯುವ ವೈಸ್ ಪ್ರೆಸಿಡೆಂಟ್

ನಮ್ಮ ಕಂಪನಿಯಲ್ಲಿ ಇವತ್ತಿನವರೆಗೆ ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಕೆಳಗಡೆ ರಿಸೆಪ್ಷನ್ನಿನ ಗೋಡೆಯ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಹಾಗೆಂದು ಬರೆದಿದೆ, ಆದ್ದರಿಂದ ನಿಜವೇ ಇರಬೇಕು. ಇಲ್ಲಿ ಜನ ತಾವಾಗಿಯೇ ಹೋಗುತ್ತಾರೆ. ಹಾಗೆ ಹೋಗಲು ಬೇಕಾದ ಅನುಕೂಲಗಳನ್ನು ಮಾತ್ರ ಕಂಪನಿ ಮಾಡಿಕೊಡುತ್ತದೆ. ಮೊದಲು ಅವರ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ಭಾರ ಇಳಿಸುತ್ತದೆ. ಆಮೇಲೆ ಟೇಬಲ್ಲಿನ ಫೋನು ತೆಗೆದು ಗದ್ದಲ ತಪ್ಪಿಸುತ್ತದೆ. ಮತ್ತೆ ಕಂಪ್ಯೂಟರ್ ಒಯ್ದು ಕಣ್ಣಿಗೆ ವಿಶ್ರಾಂತಿ ಕೊಡುತ್ತದೆ. ಇಷ್ಟಾದರೂ ಮನುಷ್ಯನಿಗೆ ಹೊರಡುವ ಮನಸ್ಸು ಬಾರದಿದ್ದರೆ ಕೊನೆಗೆ ಕುರ್ಚಿ ತೆಗೆಯುತ್ತದೆ.

ಕುರ್ಚಿ ಹೋದ ಮೇಲೆ ಉಳಿದವರಿರಲಿಲ್ಲ. ಅತಿ ಹೆಚ್ಚೆಂದರೆ ಅಕೌಂಟ್ಸಿನ ಹಳಬರೊಬ್ಬರು ನಾಲ್ಕು ದಿನ ತಡೆದುಕೊಂಡರು. ಅದರಲ್ಲೂ ಎರಡು ದಿನ ಟಾಯ್ಲೆಟ್ಟಿನ ಕಮೋಡಿನ ಮೇಲೆ ಕೂತು ಕಳೆದದ್ದೆಂದು ಸಾಬೀತಾದ್ದರಿಂದ ಆ ದಾಖಲೆಯನ್ನು ನಾವು ಯಾರೂ ಒಪ್ಪುವುದಿಲ್ಲ.

ನಾನು ತಾರಾನಾಥ. ಹತ್ತೊಂಬತ್ತು ವರ್ಷಗಳಿಂದ ಈ ಕಂಪನಿಯಲ್ಲಿದ್ದೇನೆ. ಮೊದಲ ಹತ್ತು ವರ್ಷ ವಿಕ್ರೋಳಿಯ ಹಳೆಯ ಆಫೀಸಿನಲ್ಲಿ. ಅದನ್ನು ಕೆಡವಿ ಮೂವತ್ತು ಮಾಳಿಗೆಯ ಟವರ್ ಕಟ್ಟಿದ ಮೇಲೆ ಇಲ್ಲಿ, ನವಿ ಮುಂಬಯಿಯ ಘನ್ಸೋಲಿಯ ಗಾಜಿನ ಕಟ್ಟಡದಲ್ಲಿ. ಬಂದರಿಗೆ ಬಂದಿಳಿಯುವ ಕಂಟೇನರುಗಳ ಕಾಗದಪತ್ರ ನೋಡುವುದು ನಮ್ಮ ವಿಭಾಗದ ಕೆಲಸ. ಕಂಟೇನರ್ ಹೇಗಿರುತ್ತದೆಂದು ನಾನು ಇನ್ನೂ ಹತ್ತಿರದಿಂದ ನೋಡಿಲ್ಲ. ನೋಡಿದವರಿಗೆ ಇಲ್ಲಿ ಪ್ರಮೋಷನ್ ಸಿಕ್ಕಿದ್ದೂ ಇಲ್ಲ.

ಕಂಟೇನರನ್ನು ನೋಡಿದ್ದ ಒಬ್ಬರೇ ಒಬ್ಬರೆಂದರೆ ಪುಂಡರೀಕಾಕ್ಷ. ನಮ್ಮ ಉಡುಪಿ ಕಡೆಯವರೇ, ಡೊಂಬಿವಲಿಯಲ್ಲಿ ನನ್ನ ಸೊಸೈಟಿಯಿಂದ ಎರಡು ಗಲ್ಲಿ ಆಚೆ ಮನೆ. ವಯಸ್ಸು ಐವತ್ತನಾಲ್ಕು. ನಾವು ಊರಿನವರು ಪುಂಡರೀಕಣ್ಣ ಅನ್ನುತ್ತೇವೆ. ಕಾಗದ ಮೂಸಿ ನೋಡಿಯೇ ಇದು ಯಾವ ದೇಶದ ಹಡಗು, ಕ್ಯಾಪ್ಟನ್ನಿಗೆ ಜ್ವರ ಇದೆಯೋ ಇಲ್ಲವೋ ಎಂದು ಹೇಳಬಲ್ಲವರು. ಇದರಲ್ಲಿ ಸ್ವಲ್ಪ ನನ್ನ ಸೇರ್ಪಡೆ ಇದೆ, ಜ್ವರದ್ದು.

ಇಂಥವರ ಮೇಲೆ ಕಂಪನಿಯ ಪ್ರೀತಿ ಬಿದ್ದದ್ದು ಜುಲೈಯಲ್ಲಿ. ನಮ್ಮ ವೈಸ್ ಪ್ರೆಸಿಡೆಂಟ್ ರಘುಪತಿಯವರು ಕಾಗದ ಓದುವ ಒಂದು ಯಂತ್ರ ತಂದರು. ನಲವತ್ತು ಜನರ ಕೆಲಸವನ್ನು ಅದು ಮೂರು ಸೆಕೆಂಡಿನಲ್ಲಿ ಮಾಡುತ್ತದೆ ಎಂದರು. ಡೆಪ್ಯುಟಿ ಮ್ಯಾನೇಜರ್ ವಿಶ್ರುತ ಅದನ್ನು ದೆಹಲಿಯ ಚೇರ್ಮನ್ನರ ಎದುರು ನಡೆಸಿ ತೋರಿಸಿದ. ವಿಶ್ರುತ ನಮ್ಮವರ ಮಗನೇ, ಆದರೆ ಹುಟ್ಟಿದ್ದು ಠಾಣೆಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾನೆ, ಹಿಂದಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ, ಇಂಗ್ಲಿಷಿನಲ್ಲಿ ಕೇಳಿದರೆ ಲ್ಯಾಪ್‌ಟಾಪ್ ತೆರೆಯುತ್ತಾನೆ. ಯಂತ್ರ ಹೇಳಿದಂತೆ ಮೂರೇ ಸೆಕೆಂಡಿನಲ್ಲಿ ಓದಿತು. ಇಪ್ಪತ್ತಾರು ಟನ್ ಹೆಂಗಸರ ಉಡುಪು ಎಂದು ಪರದೆಯ ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚೇರ್ಮನ್ನರು ಸುಮ್ಮನೆ ಮರ್ಯಾದೆಗೆಂದು, ಹಿರಿಯರಾದ ನೀವು ಏನನ್ನುತ್ತೀರಿ ಎಂದು ಪುಂಡರೀಕಣ್ಣನನ್ನು ಕೇಳಿದರು. ಪುಂಡರೀಕಣ್ಣ ಕಾಗದ ನೋಡಿ, ಅದು ಈರುಳ್ಳಿ ಎಂದರು.

ಅಷ್ಟೇ. ಒಂದು ಶಬ್ದ. ಅದು ಈರುಳ್ಳಿಯೇ ಆಗಿತ್ತು ಎನ್ನುವುದು ಅವರ ಅಪರಾಧವನ್ನು ಇನ್ನಷ್ಟು ಗಂಭೀರ ಮಾಡಿತು.

ರಘುಪತಿಯವರ ಬಗ್ಗೆ ಎರಡು ಮಾತು ಹೇಳಬೇಕು. ಹದಿನಾರು ವರ್ಷದ ಹಿಂದೆ ನಮ್ಮೂರ ಕಡೆಯಿಂದ ಒಂದು ಸೂಟ್‌ಕೇಸ್ ಹಿಡಿದು ಡೊಂಬಿವಲಿ ಸ್ಟೇಶನ್ನಿನಲ್ಲಿ ಇಳಿದ ಈ ಮನುಷ್ಯನಿಗೆ ನೌಕರಿ ಕೊಡಿಸಿದ್ದು ಪುಂಡರೀಕಣ್ಣನೇ. ರೂಮು ಸಿಗುವ ತನಕ ಎಂಟು ತಿಂಗಳು ಅವರ ಮನೆಯಲ್ಲೇ ಇದ್ದು, ಅವರ ಹೆಂಡತಿ ವಾರಿಜಕ್ಕನ ಕೈಯ ನೀರುದೋಸೆ ತಿಂದು ಬೆಳೆದರು. ಆಮೇಲೆ ಬಹಳ ಬೆಳೆದರು. ಈಗ ಠಾಣೆಯ ಘೋಡ್‌ಬಂದರ್ ರೋಡಿನಲ್ಲಿ ಫ್ಲ್ಯಾಟು, ಕಾರು, ಡ್ರೈವರು. ರೈಲು ಹತ್ತದೆ ಆರು ವರ್ಷವಾಯಿತು. ಉಪಕಾರ ಮಾಡಿದವರ ಮುಖವನ್ನು ದಿನಾ ಆಫೀಸಿನಲ್ಲಿ ನೋಡುವುದು ಎಂಥ ಹಿಂಸೆ ಎಂದು ವೈಸ್ ಪ್ರೆಸಿಡೆಂಟ್ ಆಗದವರಿಗೆ ತಿಳಿಯುವುದಿಲ್ಲ.

ಆಗಸ್ಟ್ ಮೊದಲ ವಾರ ಪುಂಡರೀಕಣ್ಣನನ್ನು ಎಚ್‌ಆರ್‌ನ ಸಂಜನಾ ಕರೆಸಿದಳು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಬಹಳ ಸಂಸ್ಕಾರವಂತೆ; ಯಾರಿಗೆ ಕಾಗದ ಕೊಡುವ ಮುಂಚೆಯೂ ನೀರು ಬೇಕೇ ಎಂದು ಕೇಳುತ್ತಾಳೆ. ರಾಜೀನಾಮೆ ಪತ್ರ ಟೈಪಾಗಿ ತಯಾರಿತ್ತು, ಸಹಿ ಮಾತ್ರ ಬಾಕಿ.

"ಅಂಕಲ್, ಯೇ ಟರ್ಮಿನೇಶನ್ ನಹೀಂ ಹೈ," ಎಂದಳಂತೆ. "ಆಪ್ ಬಸ್ ಟ್ರಾನ್ಸಿಶನ್ ಮೇಂ ಹೈಂ." ಕೆಲಸದಿಂದ ತೆಗೆದದ್ದಲ್ಲ, ಬದಲಾವಣೆಯ ದಾರಿಯಲ್ಲಿದ್ದೀರಿ ಅಷ್ಟೇ ಎಂದರ್ಥ.

ಪುಂಡರೀಕಣ್ಣ ನೀರು ಕುಡಿದು, ಸಹಿ ಹಾಕುವುದಿಲ್ಲವಮ್ಮಾ ಎಂದು ಹೇಳಿ ಎದ್ದು ಬಂದರು.

ಅವರಿಗೆ ಹಟವೇನೂ ಇರಲಿಲ್ಲ. ವಾರಿಜಕ್ಕನ ಹೃದಯದ ಒಂದು ಕವಾಟ ಕೆಟ್ಟಿತ್ತು. ಠಾಣೆಯ ಆಸ್ಪತ್ರೆಯ ಡಾಕ್ಟರು ಆಪರೇಶನ್ ಆಗಲೇಬೇಕು, ಆದರೆ ಮೊದಲು ಶುಗರ್ ಇಳಿಯಬೇಕು ಎಂದು ಹೇಳಿ ಅಕ್ಟೋಬರ್ ಹದಿನಾಲ್ಕರ ದಿನ ಕೊಟ್ಟಿದ್ದರು. ಆಪರೇಶನ್ ಆಗುವುದು ಕಂಪನಿಯ ವಿಮೆಯ ಮೇಲೆ. ವಿಮೆ ಇರುವುದು ಪುಂಡರೀಕಣ್ಣ ನೌಕರಿಯಲ್ಲಿ ಇರುವ ತನಕ. ಸಹಿ ಹಾಕಿದ ದಿನಕ್ಕೆ ವಿಮೆಯೂ ಮುಗಿಯಿತು, ಮತ್ತೆ ಆ ವಯಸ್ಸಿನ, ಆ ಕಾಯಿಲೆಯ ಹೆಂಗಸಿಗೆ ಹೊಸ ವಿಮೆ ಯಾರು ಕೊಡುತ್ತಾರೆ. ಅಂದರೆ ಅವರು ಹತ್ತು ವಾರ ಕಂಪನಿಯಲ್ಲಿ ಉಳಿಯಬೇಕಿತ್ತು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಮುಂದಿನ ಸೋಮವಾರ ಕೆಲಸ ಹೋಯಿತು, ಮಂಗಳವಾರ ಫೋನು, ಬುಧವಾರ ಕಂಪ್ಯೂಟರ್. ಗುರುವಾರ ಬೆಳಿಗ್ಗೆ ಬಾಲಪ್ಪ ಬಂದು ಎದುರು ನಿಂತ. ಬಾಲಪ್ಪ ಕಲಬುರಗಿಯವನು, ಅಂಬರನಾಥದಿಂದ ಬರುತ್ತಾನೆ. ಮೊದಲು ನಮ್ಮ ಗೋಡೌನಿನಲ್ಲಿ ಹಮಾಲಿ ಮಾಡುತ್ತಿದ್ದ, ಬೆನ್ನು ಹಿಡಿದ ಮೇಲೆ ಆಫೀಸಿನಲ್ಲಿ ಚಹಾ ಕೊಡುವ ಕೆಲಸಕ್ಕೆ ಹಾಕಿದ್ದಾರೆ.

"ಸಾಹೇಬ್ರ, ನಿಮ್ಮ ಕುರ್ಚಿ ಒಯ್ಯಾಕ ಹೇಳ್ಯಾರ್ರಿ," ಎಂದ. "ನನ್ನ ಕೈಲೆ ಆಗೂದಿಲ್ಲ ಅಂತ ಹೇಳ್ದೆ. ಆಗ್ಲಿಲ್ಲಂದ್ರ ನಿಂದೂ ಒಯ್ತೀವಿ ಅಂದ್ರು. ನನಗ ಕುರ್ಚೀನ ಇಲ್ಲಲ್ರಿ ಅಂದೆ."

ಪುಂಡರೀಕಣ್ಣ ತಾವೇ ಎದ್ದು, ಕುರ್ಚಿಯ ಒಂದು ಬದಿ ಹಿಡಿದು ಲಿಫ್ಟಿನ ತನಕ ಕೊಂಡುಹೋಗಲು ಸಹಾಯ ಮಾಡಿದರು. ಬಾಲಪ್ಪನ ಬೆನ್ನು ಹಿಡಿದಿರುವುದು ಅವರಿಗೆ ನೆನಪಿತ್ತು.

ಇಲ್ಲಿ ಕಂಪನಿಯ ಲೆಕ್ಕಾಚಾರ ಸ್ವಲ್ಪ ತಪ್ಪಿತು. ಕುರ್ಚಿ ತೆಗೆಯುವ ಉಪಾಯವನ್ನು ಕಂಡುಹಿಡಿದವರು ದೆಹಲಿಯವರು. ಅಲ್ಲಿ ಜನ ಕೂತು ಆಫೀಸಿಗೆ ಹೋಗುತ್ತಾರಂತೆ. ಪುಂಡರೀಕಣ್ಣ ಇಪ್ಪತ್ತೆಂಟು ವರ್ಷಗಳಿಂದ ಡೊಂಬಿವಲಿಯ ಏಳೂ ಐವತ್ತೆರಡರ ಲೋಕಲ್ ರೈಲಿನಲ್ಲಿ ನಿಂತು ಹೋಗುವವರು. ಒಮ್ಮೆ ಮುಂಬ್ರಾದಿಂದ ಕಳವಾ ಸ್ಟೇಶನ್ನಿನವರೆಗೆ ಅವರ ಎರಡು ಕಾಲೂ ನೆಲಕ್ಕೆ ತಾಗಿರಲಿಲ್ಲ, ಜನರ ಒತ್ತಡದಲ್ಲೇ ತೇಲಿಕೊಂಡಿದ್ದು ಪೇಪರಿನ ಸಂಪಾದಕೀಯ ಓದಿ ಮುಗಿಸಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನನ್ನದೂ ಒಂದೇ ಕಾಲು ನೆಲದಲ್ಲಿತ್ತು. ಅವರು ನಿಂತು ನಿದ್ದೆ ಮಾಡಬಲ್ಲರು, ನಿಂತು ಊಟ ಮಾಡಬಲ್ಲರು, ನಿಂತುಕೊಂಡೇ ಮಗಳ ಮದುವೆ ಮಾತುಕತೆ ಮುಗಿಸಿದ್ದಾರೆ. ದಿನಕ್ಕೆ ಒಂಬತ್ತು ಗಂಟೆ ಹೊತ್ತು, ಎಸಿಯಲ್ಲಿ, ಯಾರ ಮೊಣಕೈಯೂ ಪಕ್ಕೆಗೆ ತಿವಿಯದೆ ನಿಲ್ಲುವುದೆಂದರೆ ಅವರಿಗೆ ಮಹಾಬಳೇಶ್ವರದ ಗುಡ್ಡಕ್ಕೆ ತಂಪುಗಾಳಿಗೆ ಹೋದ ಹಾಗೆ. ಎರಡನೆಯ ದಿನ ಬಾಲಪ್ಪ ಪೆಟ್ಟಿಗೆಗಳಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಿನ ಪೈಪಿಗೆ ಕಟ್ಟಿ ಒಂದು ಹಿಡಿಕೆ ಮಾಡಿಕೊಟ್ಟ. ಪುಂಡರೀಕಣ್ಣ ಅದಕ್ಕೆ ಕೈ ಹಾಕಿದ್ದೇ ತಡ, ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂತು.

ಏಳನೆಯ ದಿನ ಸಂಜನಾ ಗಾಬರಿಯಾದಳು. ಕುರ್ಚಿಯ ನಂತರ ಏನು ತೆಗೆಯಬೇಕೆಂದು ಕಂಪನಿಯ ಕೈಪಿಡಿಯಲ್ಲಿ ಇರಲಿಲ್ಲ. ನೆಲ ತೆಗೆಯಲು ಕಟ್ಟಡದ ಮಾಲೀಕರು ಒಪ್ಪುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪುಂಡರೀಕಣ್ಣನ ಹೆಸರಿನ ಮುಂದೆ 'ಟ್ರಾನ್ಸಿಶನ್‌ನಲ್ಲಿ' ಎಂದು ಹಾಕಿಟ್ಟಳು. ಮತ್ತೆ ಆಫೀಸಿನಲ್ಲಿ ಒಬ್ಬ ಮನುಷ್ಯ ಕುರ್ಚಿಯಿಲ್ಲದೆ ನಿಂತದ್ದನ್ನು ಯಾರಾದರೂ ಫೋಟೋ ತೆಗೆದರೆ ಕಷ್ಟವೆಂದು ಎಲ್ಲರಿಗೂ ಒಂದು ಮೇಲ್ ಕಳಿಸಿದಳು: ಇನ್ನು ಮುಂದೆ ಯಾರಿಗೂ ಸ್ವಂತ ಕುರ್ಚಿ ಎಂಬುದಿಲ್ಲ, ಯಾವ ಕುರ್ಚಿ ಖಾಲಿಯಾಗುತ್ತದೋ ಅದರಲ್ಲಿ ಯಾರು ಬೇಕಾದರೂ ಕುಳಿತುಕೊಳ್ಳಬಹುದು, ಇದು ಆಧುನಿಕ ಪದ್ಧತಿ. ಕುರ್ಚಿಗಳೇನೂ ಖಾಲಿಯಾಗುತ್ತಿರಲಿಲ್ಲ, ಆ ಧೈರ್ಯದ ಮೇಲೆ ಬರೆದದ್ದು.

ಪುಂಡರೀಕಣ್ಣ ಮೇಲನ್ನು ನನ್ನ ಮೊಬೈಲಿನಲ್ಲಿ ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡರು.

ಲೋಕಲ್ ಹತ್ತದವರಿಗೆ ಒಂದು ವಿಷಯ ಹೇಳಬೇಕು. ರೈಲಿನ ಡಬ್ಬಿಯೊಳಗೆ ಹೊಕ್ಕ ಕೂಡಲೇ ನಾವು ಕುಳಿತವರ ಮುಖಗಳನ್ನು ಓದುತ್ತೇವೆ. ಯಾರ ಚೀಲ ಮಡಿಲಲ್ಲಿದೆ, ಯಾರ ಕಣ್ಣು ಬಾಗಿಲ ಕಡೆ ಇದೆ, ಅವರು ಬೇಗ ಇಳಿಯುತ್ತಾರೆ. ಅಂಥವರ ಎದುರು ಹೋಗಿ ನಿಂತು, ಎಲ್ಲಿ ಇಳಿಯುತ್ತೀರಿ ಎಂದು ಕೇಳಬೇಕು. ಅವರು ಸ್ಟೇಶನ್ನಿನ ಹೆಸರು ಹೇಳಿದರೆಂದರೆ ಆ ಸೀಟು ಕೇಳಿದವನದ್ದು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೆ ಅದನ್ನು ಮೀರಿದವರನ್ನು ನಾನು ನೋಡಿಲ್ಲ. ಎರಡನೆಯವನು ಬಂದು ಕೇಳಿದರೆ 'ಬೋಲಾ ಹೈ' ಎನ್ನುತ್ತಾರೆ, ಮಾತಾಗಿದೆ ಎಂದರ್ಥ. ಅವನು ಆಗ ಮೊದಲನೆಯವನ ಸೀಟನ್ನು ಕೇಳಿಕೊಂಡು ಅವನ ಹಿಂದೆ ನಿಲ್ಲುತ್ತಾನೆ. ಅಣ್ಣತಮ್ಮಂದಿರು ಆಸ್ತಿಗೆ ಕೋರ್ಟಿಗೆ ಹೋಗುವ ಈ ದೇಶದಲ್ಲಿ, ದಿನಾ ಲಕ್ಷಾಂತರ ಸೀಟುಗಳು ಬರೀ ಬಾಯಿಮಾತಿನ ಮೇಲೆ ಕೈ ಬದಲಾಗುತ್ತವೆ.

ಪುಂಡರೀಕಣ್ಣ ನಮ್ಮ ಆಫೀಸನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಡಬ್ಬಿಯಲ್ಲಿ ನಡೆದಂತೆ ನಡೆದರು. ನೂರ ಎಂಬತ್ತು ಕುರ್ಚಿ, ನೂರ ಎಂಬತ್ತು ಮುಖ. ಯಾರೂ ಇಳಿಯುವವರ ಹಾಗೆ ಕಾಣಲಿಲ್ಲ. ಕೊನೆಗೆ ವೈಸ್ ಪ್ರೆಸಿಡೆಂಟರ ಕ್ಯಾಬಿನ್ನಿನ ಗಾಜಿನ ಬಾಗಿಲ ಹತ್ತಿರ ನಿಂತು ಒಳಗೆ ನೋಡಿದರು. ರಘುಪತಿಯವರ ಲ್ಯಾಪ್‌ಟಾಪ್ ಚೀಲ ಮಡಿಲಲ್ಲಿತ್ತು. ದೆಹಲಿಯಿಂದ ಯಾರು ಯಾವಾಗ ಬರುತ್ತಾರೋ ಎಂಬ ಭಯದಲ್ಲಿ ಅವರ ಕಣ್ಣು ಯಾವಾಗಲೂ ಬಾಗಿಲ ಮೇಲೆಯೇ ಇರುತ್ತದೆ.

ನಾನು ಆಗ ಒಂದು ಫೈಲಿಗೆ ಸಹಿ ಮಾಡಿಸಿಕೊಳ್ಳಲು ಒಳಗೇ ಇದ್ದೆ. ಪುಂಡರೀಕಣ್ಣ ಬಂದು ಅವರ ಕುರ್ಚಿಯ ಪಕ್ಕಕ್ಕೆ, ಮೊಣಕಾಲಿಗೆ ಮೊಣಕಾಲು ತಾಗದಷ್ಟೇ ದೂರದಲ್ಲಿ ನಿಂತು, ಸ್ವಲ್ಪ ಬಗ್ಗಿ ಮೆಲ್ಲಗೆ ಕೇಳಿದರು.

"ಎಲ್ಲಿ ಇಳೀತೀರಿ?"

ರಘುಪತಿಯವರು ಮೇಲ್ ಓದುತ್ತಿದ್ದರು. ಹಳೆಯ ಆಫೀಸಿಗೆ ಹೋಗುತ್ತಿದ್ದ ಏಳು ವರ್ಷ ಅದೇ ಲೋಕಲಿನಲ್ಲಿ, ಅದೇ ಪ್ರಶ್ನೆಗೆ, ಪ್ರತಿ ಬೆಳಿಗ್ಗೆ ಉತ್ತರ ಕೊಟ್ಟ ಬಾಯಿ ಅದು. ತಲೆಯೆತ್ತದೆ ಹೇಳಿಬಿಟ್ಟರು.

"ವಿಕ್ರೋಳಿ."

ಹೇಳಿದ ಮೇಲೆ ತಲೆಯೆತ್ತಿದರು. ಪುಂಡರೀಕಣ್ಣ ಆಗಲೇ ತಲೆಯಲ್ಲಾಡಿಸಿ, ಚೀಲವನ್ನು ಹೆಗಲಿಂದ ಎದೆಗೆ ತಿರುಗಿಸಿಕೊಂಡು, ಕಾಯುವವರ ಭಂಗಿಯಲ್ಲಿ ನಿಂತಾಗಿತ್ತು. ಹೊರಗೆ ನಡೆಯಿರಿ ಎಂದು ರಘುಪತಿಯವರು ಇಂಗ್ಲಿಷಿನಲ್ಲಿ ಹೇಳಿದರು. ಪುಂಡರೀಕಣ್ಣ ವಿನಯದಿಂದ ಸಂಜನಾ ಕಳಿಸಿದ ಇಮೇಲಿನ ಎರಡನೆಯ ಸಾಲನ್ನು ನೆನಪಿಸಿದರು. ಸಾಹೇಬರ ಕುರ್ಚಿ ಬಿಟ್ಟು ಎಂದು ಅವಳು ಬರೆದಿರಲಿಲ್ಲ.

ನಾನು ಈ ವಿಷಯವನ್ನು ಒಬ್ಬನಿಗೆ ಮಾತ್ರ ಹೇಳಿದೆ, ಬಾಲಪ್ಪನಿಗೆ, ಅದೂ ಆಣೆ ಹಾಕಿಸಿಕೊಂಡು. ಮಧ್ಯಾಹ್ನದ ಊಟದ ಹೊತ್ತಿಗೆ ಬಂದರಿನ ಕ್ರೇನಿನ ಮೇಲೆ ಕೂತ ಡ್ರೈವರಿಗೂ ಗೊತ್ತಾಗಿತ್ತು, ರಘುಪತಿ ಸಾಹೇಬರು ಸೀಟು ಬಿಟ್ಟುಕೊಡುವ ಮಾತಾಗಿದೆ ಎಂದು. ಇಲ್ಲವೆಂದು ಅವರು ಎಷ್ಟು ಹೇಳಿದರೂ ಉಪಯೋಗವಾಗಲಿಲ್ಲ. ಹೇಳಿಲ್ಲವೇ? ಹೇಳಿದ್ದಾರೆ. ಸ್ಟೇಶನ್ನಿನ ಹೆಸರು ಹೇಳಿ ಇಳಿಯದೆ ಕುಳಿತವನನ್ನು ನಮ್ಮಲ್ಲಿ ಮನುಷ್ಯ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಳಿಯುವವನೆಂದು ಗೊತ್ತಾದ ಮೇಲೆ ಆಫೀಸು ಒಬ್ಬ ಸಾಹೇಬನನ್ನು ಹೇಗೆ ನೋಡುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಮರುದಿನ ಅವರ ಜೋಕಿಗೆ ಯಾರೂ ನಗಲಿಲ್ಲ. ಅದಕ್ಕೂ ಮರುದಿನ ಬಾಲಪ್ಪ ಪಿಂಗಾಣಿ ಕಪ್ಪಿನ ಬದಲು ಕಾಗದದ ಕಪ್ಪಿನಲ್ಲಿ ಚಹಾ ತಂದಿಟ್ಟ. ಮೂರನೆಯ ದಿನ ವಿಶ್ರುತ ಕ್ಯಾಬಿನ್ನಿಗೆ ಬಂದ. ಸಾಹೇಬರ ಕಡೆ ನೋಡಲೂ ಇಲ್ಲ.

"ಅಂಕಲ್," ಎಂದು ಪುಂಡರೀಕಣ್ಣನನ್ನು ಕೇಳಿದ, "ಆಪ್‌ಕೇ ಪೀಛೇ ಕಿಸೀನೇ ಬೋಲಾ ಹೈ ಕ್ಯಾ?"

ನನ್ನ ಹಿಂದೆ ಯಾರೂ ಕೇಳಿಲ್ಲ ಮಗಾ ಎಂದರು ಪುಂಡರೀಕಣ್ಣ. ವಿಶ್ರುತ ಲ್ಯಾಪ್‌ಟಾಪ್ ಎದೆಗವಚಿಕೊಂಡು ಅವರ ಹಿಂದೆ ನಿಂತ. ಸಂಜೆಯೊಳಗೆ ವಿಶ್ರುತನ ಹಿಂದೆ ಇಬ್ಬರು ಮ್ಯಾನೇಜರುಗಳು, ಅವರ ಹಿಂದೆ ಕಲ್ಯಾಣದಿಂದ ಬರುವ ಒಬ್ಬ ಆಡಿಟರು. ಆರನೆಯವನಾಗಿ ನಾನೂ ನಿಂತೆ. ನನಗೆ ವೈಸ್ ಪ್ರೆಸಿಡೆಂಟ್ ಆಗುವ ಆಸೆ ಇರಲಿಲ್ಲ. ಸರದಿ ಕಂಡರೆ ನಿಲ್ಲುವುದು ಈ ಊರಿನಲ್ಲಿ ಬಂದ ಚಾಳಿ, ಏನು ಸಿಗುತ್ತದೆಂದು ಆಮೇಲೆ ವಿಚಾರಿಸಿದರಾಯಿತು.

ಹೀಗೆ ಏಳು ವಾರ ನಡೆಯಿತು. ನಾವು ಬೆಳಿಗ್ಗೆ ಒಂಬತ್ತೂವರೆಗೆ ಬಂದು ಕ್ಯಾಬಿನ್ನಿನಲ್ಲಿ ನಮ್ಮ ನಮ್ಮ ಜಾಗದಲ್ಲಿ ನಿಂತು, ಕಾಗದಗಳನ್ನು ಒಬ್ಬರ ಬೆನ್ನಿನ ಮೇಲೆ ಒಬ್ಬರು ಇಟ್ಟುಕೊಂಡು ಬರೆಯುತ್ತಿದ್ದೆವು. ವಿಭಾಗದ ಕೆಲಸ ಮೊದಲಿಗಿಂತ ಚುರುಕಾಯಿತು ಎಂದು ನನ್ನ ಅನಿಸಿಕೆ. ರಘುಪತಿಯವರು ಟಾಯ್ಲೆಟ್ಟಿಗೆ ಏಳುವುದನ್ನು ಬಿಟ್ಟುಬಿಟ್ಟರು. ಬೆಳಿಗ್ಗೆ ಬರುವಾಗ ನೀರು ಕುಡಿಯದೆ ಬಂದು, ಎಲ್ಲರೂ ಹೋದ ಮೇಲೆಯೇ ಎದ್ದು ಹೋಗುತ್ತಿದ್ದರು. ಒಂದು ದಿನ ಚೇರ್ಮನ್ನರು ವಿಡಿಯೋದಲ್ಲಿ ಬಂದಾಗ ಇವರ ಬೆನ್ನ ಹಿಂದೆ ಆರು ಮುಖಗಳು ಕುರ್ಚಿಯನ್ನೇ ನೋಡುತ್ತಾ ನಿಂತಿದ್ದು ಕಂಡಿತು. ಇವರೆಲ್ಲ ಯಾರು ಎಂದು ಕೇಳಿದರು. ಟೀಮ್ ಸರ್ ಎಂದರು ರಘುಪತಿಯವರು. ಇಷ್ಟು ಒಗ್ಗಟ್ಟಿನ ಟೀಮನ್ನು ತಾನು ನೋಡಿಲ್ಲ ಎಂದು ಚೇರ್ಮನ್ನರು ಹೊಗಳಿ, ಎರಡನೆಯವನ ಹೆಸರೇನು ಎಂದು ವಿಚಾರಿಸಿದರು. ವಿಶ್ರುತ ಹೆಸರು ಹೇಳಿದ, ಇಸವಿ ಸಮೇತ ಡಿಗ್ರಿಗಳನ್ನೂ ಹೇಳಿದ. ಚೇರ್ಮನ್ನರು ಬರೆದುಕೊಂಡರು.

ಆ ಸಂಜೆ ರಘುಪತಿಯವರು ಪುಂಡರೀಕಣ್ಣನ ಹತ್ತಿರ ತುಳುವಿನಲ್ಲಿ ಮಾತಾಡಿದರು. ಎಲ್ಲರೂ ಹೊರಗೆ ಹೋಗಿ ಎಂದರೆ ಸರದಿ ತಪ್ಪುತ್ತದೆಂದು ಯಾರೂ ಹೋಗುತ್ತಿರಲಿಲ್ಲ, ಅದಕ್ಕೇ ತುಳು. ಸರದಿಯಲ್ಲಿ ಆರನೆಯವನೂ ಊರಿನವನೇ ಎಂಬುದನ್ನು ಮರೆತಿದ್ದರು. ಅವರ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

"ಪುಂಡರೀಕಣ್ಣ, ನಿಮಗೆ ಈ ಕುರ್ಚಿ ಬೇಕಾ?"

"ಇದು ಎಂತಕ್ಕೆ ಮಾರಾಯ. ನನ್ನ ಸೊಂಟಕ್ಕೆ ಆಗುದಿಲ್ಲ."

"ಮತ್ತೆ ನಿಂತದ್ದು ಯಾಕೆ?"

"ನಿಂಗೆ ಗೊತ್ತುಂಟು. ವಾರಿಜನ ಆಪರೇಶನ್ ಹದಿನಾಲ್ಕಕ್ಕೆ. ವಿಮೆಯ ಫಾರ್ಮಿಗೆ ಸಹಿ ಹಾಕಿದ್ದು ನೀನೇ ಅಲ್ವಾ? ಅಷ್ಟರವರೆಗೆ ನನ್ನ ಹೆಸರು ಇಲ್ಲಿ ಇರ್ಬೇಕು. ಕೂತ್ಕೊಳ್ಳಿಕ್ಕೆ ಜಾಗ ಇಲ್ಲ ಅಂತ ಹೇಳಿದ್ದು ನೀವು. ನಿಲ್ಲಿಕ್ಕೆ ಉಂಟಲ್ಲ."

ರಘುಪತಿಯವರು ವಾರಿಜಕ್ಕ ಹೇಗಿದ್ದಾರೆಂದು ಕೇಳಲಿಲ್ಲ. ಕಾಗದದ ಕಪ್ಪನ್ನು ಹಿಸುಕಿ ಬುಟ್ಟಿಗೆ ಹಾಕಿದರು.

ಅಕ್ಟೋಬರ್ ಹದಿಮೂರರಂದು ಪುಂಡರೀಕಣ್ಣ ರಜೆ ಹಾಕಿ ವಾರಿಜಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಬೆಳಿಗ್ಗೆ ನಾನು ಕ್ಯಾಬಿನ್ನಿಗೆ ಹೋದಾಗ ಸರದಿಯ ಮೊದಲ ಜಾಗ ಖಾಲಿಯಿತ್ತು. ವಿಶ್ರುತ ಅದನ್ನು ಆಕ್ರಮಿಸಿರಲಿಲ್ಲ, ಅವನೂ ಠಾಣೆಯಲ್ಲಿ ಹುಟ್ಟಿದವನೇ, ಅಷ್ಟು ನಿಯತ್ತು ಇದೆ. ಆದರೆ ಒಂದು ಅರ್ಧ ಹೆಜ್ಜೆ ಮುಂದೆ ಬಂದು ಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಇಟ್ಟಿದ್ದ. ಹೊಸ ವಾಚು ಕಟ್ಟಿದ್ದ.

ಹನ್ನೊಂದು ಗಂಟೆಗೆ ಸಂಜನಾ ಒಂದು ಕಾಗದ ಹಿಡಿದು ಬಂದಳು. ಹಿಂದೆಯೇ ಟೇಬಲ್ಲಿನ ಫೋನು ಬಡಿದುಕೊಂಡಿತು. ಆಸ್ಪತ್ರೆಯ ವಿಮೆ ವಿಭಾಗದವರು. ರಘುಪತಿಯವರು ಎತ್ತುವ ಅವಸರದಲ್ಲಿ ಸ್ಪೀಕರಿನ ಗುಂಡಿ ಒತ್ತಿಹೋಯಿತು. ಆ ಕಡೆಯ ಹೆಂಗಸು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ವಿವರಿಸಿದಳು: ನಾಳೆ ಬೆಳಿಗ್ಗೆಯ ಆಪರೇಶನ್ನಿಗೆ ಒಪ್ಪಿಗೆ ಕೊಡಬೇಕಾಗಿದೆ, ಆದರೆ ನಿಮ್ಮ ಕಂಪನಿಯ ಪಟ್ಟಿಯಲ್ಲಿ ಈ ಮನುಷ್ಯ 'ಟ್ರಾನ್ಸಿಶನ್‌ನಲ್ಲಿ' ಎಂದಿದೆ, ಹಾಗೆಂದರೆ ಏನೆಂದು ನಮಗೆ ಗೊತ್ತಾಗುತ್ತಿಲ್ಲ, ಇವರು ನೌಕರಿಯಲ್ಲಿದ್ದಾರೋ ಇಲ್ಲವೋ, ವಿಭಾಗದ ಮುಖ್ಯಸ್ಥರಾಗಿ ನೀವೇ ಹೇಳಿ.

ಸಂಜನಾ ಕಾಗದವನ್ನು ಟೇಬಲ್ಲಿನ ಮೇಲೆ ಇಟ್ಟಳು. ನಿನ್ನೆಯ ತಾರೀಖು ಹಾಕಿದ, ತಾವಾಗಿಯೇ ಕೆಲಸ ಬಿಟ್ಟರೆಂದು ಬರೆದ ಬಿಡುಗಡೆ ಪತ್ರ. ಒಂದೇ ಮಾತು ಸಾರ್, ಇಲ್ಲ ಅಂದುಬಿಡಿ, ಎಲ್ಲಾ ಮುಗಿಯುತ್ತದೆ ಎಂದು ಪಿಸುಗುಟ್ಟಿದಳು. ಬಾಗಿಲಲ್ಲಿ ಬಾಲಪ್ಪ ಚಹಾದ ಟ್ರೇ ಹಿಡಿದು ನಿಂತುಬಿಟ್ಟಿದ್ದ. ನನಗೆ ಏನಾದರೂ ಹೇಳಬೇಕೆನಿಸಿತು. ಹತ್ತೊಂಬತ್ತು ವರ್ಷದ ಅನುಭವ ಬಾಯಿ ಮುಚ್ಚಿಸಿತು.

ರಘುಪತಿಯವರು ಬಾಯಿ ತೆರೆದರು. ಯಾವ ಅಕ್ಷರ ಬರುತ್ತಿತ್ತೋ ದೇವರಿಗೇ ಗೊತ್ತು. ಅಷ್ಟರಲ್ಲಿ ಅವರ ಬೆನ್ನಿನ ಹಿಂದೆ ಕುರ್ಚಿ ಕಿರ್ ಎಂದಿತು. ವಿಶ್ರುತ ಕೈ ಬದಲಿಸಿದ್ದ, ಅಷ್ಟೇ. ರಘುಪತಿಯವರು ಕತ್ತು ತಿರುಗಿಸಿ ಮೊದಲು ಆ ಕೈ ನೋಡಿದರು, ವಾಚು ನೋಡಿದರು, ಆಮೇಲೆ ವಿಶ್ರುತನ ಮುಂದಿದ್ದ ಖಾಲಿ ಜಾಗ ನೋಡಿದರು. ಅಲ್ಲಿ ಏಳು ವಾರ ನಿಂತಿದ್ದ ಮನುಷ್ಯನಿಗೆ ಕುರ್ಚಿ ಬೇಕಿರಲಿಲ್ಲ. ಅವನು ಸರದಿಯ ಮೊದಲಿಗೆ ಇರುವ ತನಕ ಅವನನ್ನು ದಾಟಿ ಬರಲು ಈ ಊರಿನಲ್ಲಿ ಹುಟ್ಟಿದ ಯಾರಿಂದಲೂ ಆಗುವುದಿಲ್ಲ. ಅವನ ಹೆಸರು ಹೋದ ಕ್ಷಣದಲ್ಲಿ ಮೊದಲನೆಯವನು ವಿಶ್ರುತ. ಚೇರ್ಮನ್ನರ ಡೈರಿಯಲ್ಲಿ ಅವನ ಡಿಗ್ರಿಗಳಿವೆ.

ಇದನ್ನೆಲ್ಲ ರಘುಪತಿಯವರು ಎಷ್ಟು ಹೊತ್ತಿನಲ್ಲಿ ಯೋಚಿಸಿದರೆಂದರೆ, ಅವರು ತಂದ ಯಂತ್ರಕ್ಕೂ ಅಷ್ಟು ಬೇಗ ಆಗುತ್ತಿರಲಿಲ್ಲ.

"ಪರ್ಮನೆಂಟ್ ಹೈ," ಎಂದರು ಫೋನಿಗೆ. ಇನ್ನೊಮ್ಮೆ, ಜೋರಾಗಿ ಹೇಳಿದರು. "ಪುಂಡರೀಕಾಕ್ಷಜೀ ಪೂರಾ ಪರ್ಮನೆಂಟ್ ಹೈಂ. ಉನ್‌ಕೇ ಬಿನಾ ಯೇ ಡಿಪಾರ್ಟ್‌ಮೆಂಟ್ ಏಕ್ ದಿನ್ ನಹೀಂ ಚಲೇಗಾ." ಅವರಿಲ್ಲದೆ ಈ ವಿಭಾಗ ಒಂದು ದಿನವೂ ನಡೆಯುವುದಿಲ್ಲವಂತೆ.

ಸಂಜನಾ ಪಟ್ಟಿಯ ವಿಷಯ ತೆಗೆದಳು. ಅದು ಟೈಪಿಂಗ್ ತಪ್ಪು, ಈಗಲೇ, ನನ್ನ ಕಣ್ಣೆದುರಿಗೇ ತಿದ್ದು ಎಂದರು. ಅವಳು ನಿಂತಲ್ಲೇ ಮೊಬೈಲಿನಲ್ಲಿ ತಿದ್ದಿದಳು. ಬಿಡುಗಡೆ ಪತ್ರವನ್ನು ಅವರು ನಾಲ್ಕಾಗಿ ಹರಿದು, ಚೂರುಗಳನ್ನು ಬಾಲಪ್ಪನ ಟ್ರೇಯಲ್ಲಿ ಹಾಕಿದರು. ವಿಶ್ರುತ ಅರ್ಧ ಹೆಜ್ಜೆ ಹಿಂದೆ ಸರಿದ.

ಅದು ವಾರಿಜಕ್ಕನ ನೀರುದೋಸೆಯ ಋಣ, ಮನುಷ್ಯ ಒಳಗಿನಿಂದ ಒಳ್ಳೆಯವನೇ ಎಂದು ನಮ್ಮ ಆಫೀಸಿನಲ್ಲಿ ಕೆಲವರು ಹೇಳುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಅವರು ಯಾರೂ ಆ ವಾಚನ್ನು ಅಷ್ಟು ಹತ್ತಿರದಿಂದ ನೋಡಿದವರಲ್ಲ.

ಹದಿನಾಲ್ಕರಂದು ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ಹದಿನಾರರ ಸಂಜೆ ನಾನು ಆಸ್ಪತ್ರೆಗೆ ಹೋದಾಗ ವಾರಿಜಕ್ಕ ದಿಂಬಿಗೆ ಒರಗಿ ಕೂತಿದ್ದರು, ಮುಖದಲ್ಲಿ ಒಂದಿಷ್ಟು ಬಣ್ಣ ಬಂದಿತ್ತು. ಆಫೀಸಿನಲ್ಲಿ ನಡೆದ ಒಂದು ವಿಷಯವೂ ಅವರಿಗೆ ಗೊತ್ತಿಲ್ಲವೆಂದು ಮಾತಿನಲ್ಲಿ ತಿಳಿಯಿತು. ಎರಡು ತಿಂಗಳಿಂದ ಗಂಡನ ಕಾಲು ಸಂಜೆಯಾದರೆ ಬಾತ್ತುಕೊಳ್ಳುವುದು ರೈಲಿನ ರಶ್ಶಿನಿಂದ ಎಂದೇ ನಂಬಿದ್ದರು. ರಘುಪತಿ ದಿನಕ್ಕೆ ಮೂರು ಸಲ ಫೋನ್ ಮಾಡಿ ವಿಚಾರಿಸುತ್ತಾನೆ, ಹಣ್ಣಿನ ಬುಟ್ಟಿ ಕಳಿಸಿದ್ದಾನೆ, ಸ್ವಂತ ತಮ್ಮನೂ ಹೀಗೆ ಮಾಡಲಿಕ್ಕಿಲ್ಲ ಎಂದು ನನ್ನ ಹತ್ತಿರ ಹೇಳಿದರು. ಪುಂಡರೀಕಣ್ಣ ಸೇಬು ಕತ್ತರಿಸುತ್ತಿದ್ದರು.

"ಅವನಿಗೊಂದು ಫೋನ್ ಮಾಡಿ ಥ್ಯಾಂಕ್ಸ್ ಹೇಳಿ," ಎಂದರು ವಾರಿಜಕ್ಕ. "ನೀವು ಮೊದಲಿಂದ್ಲೂ ಅವನ ಹತ್ರ ಬಿಗುಮಾನ ಮಾಡುದು ಜಾಸ್ತಿ."

ಪುಂಡರೀಕಣ್ಣ ಕೈ ಒರೆಸಿಕೊಂಡು ಫೋನ್ ಹಚ್ಚಿದರು. ಒಂದು ರಿಂಗು ಪೂರ್ತಿಯಾಗುವ ಮೊದಲೇ ಆ ಕಡೆಯಿಂದ ಎತ್ತಿದರು. ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಪುಂಡರೀಕಣ್ಣ, ಯಾವಾಗ ಬರ್ತೀರಿ? ಆ ವಿಶ್ರುತ ಮತ್ತೆ ಮುಂದೆ ಬಂದು ನಿಂತಿದ್ದಾನೆ."

ಪುಂಡರೀಕಣ್ಣ ಡಾಕ್ಟರ ಚೀಟಿ ತೆಗೆದು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಇನ್ನು ಹನ್ನೆರಡು ದಿನ ಎಂದರು.

ಆ ಕಡೆ ಕುರ್ಚಿ ಕಿರ್ ಎಂದದ್ದು ನನಗೂ ಕೇಳಿಸಿತು.

"ಹತ್ತು ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು ವೈಸ್ ಪ್ರೆಸಿಡೆಂಟರು.